ಹಳೆ ಬೆಲ್ಟಿನ ಅಳತೆ

ಕಳೆದ ವಾರ ನಾನು ನನ್ನ ಅತ್ತೆಯ ಮುಂದೆ ಗಣಿತದಲ್ಲಿ ಫೇಲಾದೆ.

ನಗು ಬಂತೇ? ಬರಲಿ. ಹೈಸ್ಕೂಲಿನಲ್ಲಿ ಹದಿನಾರು ವರ್ಷದಿಂದ ಗಣಿತ ಕಲಿಸುತ್ತಿರುವವಳು ನಾನು. ಅತ್ತೆ ಮರವಂತೆಯಲ್ಲಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಪರೀಕ್ಷೆ ನಡೆದದ್ದು ನಮ್ಮ ತೆಕ್ಕಟ್ಟೆ ಮನೆಯ ಹಿಂದಿನ ಜಗಲಿಯಲ್ಲಿ. ಪ್ರಶ್ನೆಪತ್ರಿಕೆಯ ಬದಲು ಅಲ್ಲಿ ಅಡ್ಡ ಮಲಗಿದ್ದದ್ದು ಒಂದು ವಾಷಿಂಗ್ ಮೆಷಿನ್.

ಮೊದಲಿನಿಂದ ಹೇಳುತ್ತೇನೆ.

ನಿನ್ನೆಯದಲ್ಲ, ಅದರ ಹಿಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಎಂದಿನಂತೆ ಮೆಷಿನ್ನಿಗೆ ಬಟ್ಟೆ ತುಂಬಿಸಿ, ಸ್ವಿಚ್ ಹಾಕಿ, ಸ್ಕೂಟರಿನ ಕೀ ಹುಡುಕುತ್ತಿದ್ದೆ. ಅತ್ತೆ ಆಗಲೇ ಅಂಗಳದಲ್ಲಿ ರೆಡಿ. ಸೀರೆಯ ಸೆರಗು ಸೊಂಟಕ್ಕೆ, ತಲೆಗೆ ಸುತ್ತಿದ ಒಂದು ಬೈರಾಸು ಟವೆಲು, ಬೈರಾಸಿನ ಮೇಲೆ ನನ್ನ ಹೆಲ್ಮೆಟ್. (ನನ್ನ ಹೆಲ್ಮೆಟ್ ಅವರಿಗೆ ದೊಡ್ಡದು. ಬೈರಾಸು ಸುತ್ತದಿದ್ದರೆ ಮೂಗಿನವರೆಗೆ ಇಳಿಯುತ್ತದೆ.) ಅಷ್ಟರಲ್ಲಿ ಹಿಂದಿನ ಜಗಲಿಯಿಂದ 'ಗುಂಯ್' ಎಂದು ಸದ್ದು. ಬೆನ್ನಿಗೇ ರಬ್ಬರು ಸುಟ್ಟ ವಾಸನೆ. ಓಡಿಹೋಗಿ ನೋಡಿದರೆ ಮೋಟರು ಕೂಗುತ್ತಿದೆ, ಬಟ್ಟೆ ಮಾತ್ರ ನೀರಿನಲ್ಲಿ ಆರಾಮಾಗಿ ಮಲಗಿದೆ.

ಸ್ವಿಚ್ ಆಫ್ ಮಾಡಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಹೆಲ್ಮೆಟ್ ತೆಗೆದು ಮೊಳೆಗೆ ಸಿಕ್ಕಿಸಿ, ಒದ್ದೆ ಬಟ್ಟೆಯನ್ನು ಬಕೆಟಿಗೆ ತುಂಬಿಕೊಂಡು ಬಾವಿಕಟ್ಟೆಯ ಒಗೆಯುವ ಕಲ್ಲಿನತ್ತ ನಡೆದರು.

ಒಂದು ಮೆಷಿನ್ ಕೆಟ್ಟರೆ ಇಷ್ಟೇನು ದೊಡ್ಡ ಸುದ್ದಿ ಅನ್ನುತ್ತೀರಾ? ಸ್ವಲ್ಪ ತಾಳಿ.

ನನ್ನ ಅತ್ತೆಗೆ ಅರವತ್ತೆರಡು ವರ್ಷ. ಸ್ಕೂಟರ್ ಕಲಿಯುತ್ತಿದ್ದಾರೆ. ಕಾರಣ ಮೀನು. ಮೀನುಗಾರರ ಮನೆಯಲ್ಲಿ ಹುಟ್ಟಿದ ಈ ಹೆಂಗಸು ಮೀನಿನ ಕಣ್ಣು ನೋಡಿ ಅದು ಎಷ್ಟು ಹೊತ್ತಿಗೆ ದಡಕ್ಕೆ ಬಂದದ್ದು ಎಂದು ಹೇಳಬಲ್ಲರು. ಆದರೆ ನಮ್ಮ ಮನೆಗೆ ಮೀನು ತರುವವರು ಅವರ ಮಗ, ಅಂದರೆ ನನ್ನ ಗಂಡ ರಾಘು. ಸಹಕಾರಿ ಸಂಘದಲ್ಲಿ ಗುಮಾಸ್ತ, ಬಹಳ ಒಳ್ಳೆಯ ಮನುಷ್ಯ. ಬುಟ್ಟಿಯಲ್ಲಿ ಯಾವ ಮೀನು ಎದುರಿಗೆ ಕಂಡಿತೋ ಅದನ್ನು ಚೀಲಕ್ಕೆ ಹಾಕಿಸಿಕೊಂಡು ಬರುತ್ತಾರೆ. ಕಿವಿರು ಎತ್ತಿ ನೋಡುವುದಿಲ್ಲ, ಬೆರಳಿನಿಂದ ಒತ್ತಿ ನೋಡುವುದಿಲ್ಲ. ನಿನ್ನೆಯ ಬಂಗುಡೆ, ಮೊನ್ನೆಯ ಕಾಣೆ ಮೀನು, ಎಲ್ಲವೂ ನಮ್ಮ ಮನೆಗೆ ಬಂದಿವೆ. ಅತ್ತೆ ಅದನ್ನು ಕತ್ತರಿಸುವಾಗ ಅವರ ಮುಖ ನೋಡಲು ನನಗೆ ಧೈರ್ಯ ಬರುವುದಿಲ್ಲ.

ಮೀನು ಬರುವ ಕಡಲ ಬದಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿಲ್ಲ, ಆ ಕಡೆಗೆ ಬಸ್ಸೂ ಇಲ್ಲ. ಸುಮಾರು ಆರು ತಿಂಗಳ ಹಿಂದೆ ಒಂದು ದಿನ ಅತ್ತೆ ಮೆತ್ತಗಾದ ಬಂಗುಡೆಯನ್ನು ಮಣೆಯ ಮೇಲೆ ಇಟ್ಟು ನನ್ನ ಕಡೆ ತಿರುಗಿದರು. "ವಿದ್ಯಾ, ಆ ನಿನ್ನ ಸ್ಕೂಟರ್ ಕಲೂಕೆ ಎಷ್ಟ್ ದಿನ ಬೇಕ್?"

ನನಗೆ ಆದ ಖುಷಿ ಹೇಳತೀರದು. ಮರುದಿನವೇ ಎಲ್‌ಎಲ್‌ಆರ್‌ಗೆ (ಕಲಿಯುವವರ ಲೈಸೆನ್ಸಿಗೆ) ಅರ್ಜಿ ಬರೆದುಕೊಟ್ಟೆ.

ಆದರೆ ಕಲಿಯುವುದಕ್ಕೆ ಹೊತ್ತು ಬೇಕಲ್ಲ? ಒಂಬತ್ತಕ್ಕೆ ಮುಂಚೆ ನಾನು ಅದೇ ಸ್ಕೂಟರಿನಲ್ಲಿ ಶಾಲೆಗೆ ಹೋಗಬೇಕು. ಸಂಜೆ ಬಂದರೆ ಊರಿನ ಮೈದಾನ ಕ್ರಿಕೆಟಿನವರದ್ದು. ಉಳಿದದ್ದು ಬೆಳಿಗ್ಗೆ ಆರೂವರೆಯಿಂದ ಏಳೂಕಾಲು. ಸರಿಯಾಗಿ ಅದೇ ಹೊತ್ತಿಗೆ ಅತ್ತೆ ನಲವತ್ತೆರಡು ವರ್ಷದಿಂದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತ ಬಂದಿದ್ದಾರೆ. ಆ ಹೊತ್ತಿನಲ್ಲಿ ಒಗೆಯುವ ಕೆಲಸ ನಿಲ್ಲಿಸಿ ಅವರು ಮನೆಯ ಗೇಟು ದಾಟುವುದಿಲ್ಲ. ಅದು ಅವರದೇ ಕಾನೂನು, ತಿದ್ದುಪಡಿಗೆ ಅವಕಾಶವಿಲ್ಲ.

ಆ ಕಾನೂನನ್ನು ಉಪಾಯವಾಗಿ ದಾಟಿಸಿದ್ದು ಈ ವಾಷಿಂಗ್ ಮೆಷಿನ್. ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿರುವ ನನ್ನ ಮೈದುನ ಮನೆ ಬದಲಾಯಿಸುವಾಗ, ಹತ್ತು ವರ್ಷ ಬಳಸಿದ ತನ್ನ ಮೆಷಿನ್ನನ್ನು ಊರಿಗೆ ಬರುವ ಲಾರಿಗೆ ಹಾಕಿಸಿದ್ದ. ಮೆಷಿನ್ ಬಟ್ಟೆ ತಿರುಗಿಸುವಷ್ಟು ಹೊತ್ತು ಅತ್ತೆ ಮೈದಾನದಲ್ಲಿ ಸ್ಕೂಟರ್ ತಿರುಗಿಸಬಹುದು. ಬಟ್ಟೆ ಒಗೆಯುವ ಕೆಲಸ ನಿಂತಂತೆಯೂ ಆಗಲಿಲ್ಲ. ಕಾನೂನು ಮುರಿಯಲಿಲ್ಲ.

ಈಗ ಮೆಷಿನ್ ನಿಂತಿದೆ. ಶುಕ್ರವಾರ ಕುಂದಾಪುರದಲ್ಲಿ ಲೈಸೆನ್ಸ್ ಟೆಸ್ಟ್. ಅತ್ತೆಗೆ ಇನ್ನೂ 'ಎಂಟು' ಹಾಕಲು ಬರುತ್ತಿಲ್ಲ. ನಿಮಗೆ ಗೊತ್ತಲ್ಲ, ನೆಲದ ಮೇಲೆ ಬರೆದ ಎಂಟರ ಅಂಕಿಯ ಮೇಲೆ ಕಾಲು ಊರದೆ ಗಾಡಿ ಓಡಿಸಬೇಕು. ಮೊದಲನೆಯ ಸುತ್ತು ಅತ್ತೆ ಸಲೀಸಾಗಿ ಹಾಕುತ್ತಾರೆ. ಎರಡನೆಯದರ ಅರ್ಧಕ್ಕೆ ಬಂದ ಕೂಡಲೇ ಎಡಗಾಲು ತನ್ನಷ್ಟಕ್ಕೆ ನೆಲಕ್ಕೆ ಬಂದುಬಿಡುತ್ತದೆ. ಎಲ್‌ಎಲ್‌ಆರ್‌ನ ಅವಧಿ ಮುಗಿಯಲು ಹೆಚ್ಚು ದಿನ ಇಲ್ಲ. ಈ ಟೆಸ್ಟ್ ತಪ್ಪಿದರೆ ಮತ್ತೆ ಮೊದಲಿನಿಂದ ಶುರು, ಮತ್ತೆ ಅರ್ಜಿ, ಮತ್ತೆ ಫೋಟೊ. ಅಷ್ಟರಲ್ಲಿ ಮನೆಯ ವಿರೋಧ ಪಕ್ಷ ಗೆದ್ದುಬಿಡುತ್ತದೆ.

ವಿರೋಧ ಪಕ್ಷ ಯಾರು ಅಂತ ಬೇರೆ ಹೇಳಬೇಕೇ? ರಾಘು ಆ ಭಾನುವಾರ ಚಾ ಕುಡಿಯುತ್ತ, ಮೆಷಿನ್ ಹಾಳಾದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಈ ಪ್ರಾಯದಲ್ಲಿ ಹೈವೇಯಲ್ಲಿ ಗಾಡಿ ಬಿಡುವುದು ಬೇಕಾ, ಟೆಸ್ಟನ್ನು ಮುಂದೆ ಹಾಕಿದರಾಯಿತು ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಹೆದರಿಕೆಯಿಂದ. ಆದರೂ ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ಈ ವಾರ ಬಟ್ಟೆ ನೀವು ಒಗೆಯಿರಿ ಎಂದೆ. ಕಲ್ಲಿನ ಹತ್ತಿರದಿಂದಲೇ ಉತ್ತರ ಬಂತು.

"ಅವ ಒಗದ್ ಬಟ್ಟಿ ಮತ್ತೆ ನಾನೇ ಒಗೀಕ್. ಅದ್ ಬ್ಯಾಡ."

ರಿಪೇರಿಯವನಿಗೆ ಫೋನ್ ಮಾಡಿದೆ. ಒಂದು ವಾರ ಪುರಸೊತ್ತಿಲ್ಲ ಅಂದ. ಕಂಪನಿಯ ಹೆಸರು ಹೇಳಿ ಅಂದ. ಹೆಸರು ಇದ್ದ ಜಾಗದಲ್ಲಿ ಮೈದುನನ ಮಗಳು ಅಂಟಿಸಿದ ಸ್ಟಿಕ್ಕರ್ ಮಾತ್ರ ಇದೆ ಎಂದೆ. ಅವನು ಫೋನ್ ಇಟ್ಟ.

ಸರಿ, ನಾನೇ ಬಿಚ್ಚುತ್ತೇನೆ ಎಂದು ಹೊರಟೆ. ರಾಘು ಪಾನಾ, ಸ್ಕ್ರೂಡ್ರೈವರ್ ಹಿಡಿದು ಬಂದರು. (ವಿರೋಧ ಪಕ್ಷವಾದರೂ ಸಹಕಾರಿ ಸಂಘದವರು.) ಪ್ಲಗ್ ತೆಗೆದೆವು, ನೀರು ಬಸಿದೆವು, ಜಗಲಿಯಲ್ಲಿ ಗೋಣಿಚೀಲ ಹಾಸಿ ಮೆಷಿನ್ನನ್ನು ಅಡ್ಡ ಮಲಗಿಸಿದೆವು. ಅಡಿಯಲ್ಲಿ ನೋಡಿದರೆ ಇಷ್ಟೇ: ಒಂದು ದೊಡ್ಡ ಚಕ್ರ, ಮೋಟರಿನ ತುದಿಯಲ್ಲಿ ಒಂದು ಸಣ್ಣ ಚಕ್ರ, ಎರಡನ್ನೂ ಸುತ್ತಿದ ಒಂದು ರಬ್ಬರ್ ಬೆಲ್ಟು. ಇಷ್ಟು ದಿನ ನಮ್ಮ ಬಟ್ಟೆ ತಿರುಗಿಸಿದ್ದು ಆ ಬೆಲ್ಟು. ಈಗ ಅದರ ಬದಿಯೆಲ್ಲ ಸವೆದು ನುಣ್ಣಗೆ ಹೊಳೆಯುತ್ತಿತ್ತು, ಒಳಮೈಯಲ್ಲಿ ಬಿರುಕು, ಸುತ್ತ ಕಪ್ಪು ಪುಡಿ. ಬೆರಳು ತಾಗಿಸಿದರೆ ಜೋಲಾಡಿತು. ಮೋಟರು ತಿರುಗಿದರೂ ಬೆಲ್ಟು ಜಾರುತ್ತಿತ್ತು, ಅದಕ್ಕೇ ಆ ಗುಂಯ್, ಅದಕ್ಕೇ ಆ ವಾಸನೆ.

ಇನ್ನೊಂದು ವಿಷಯವನ್ನೂ ನೋಡಿದೆ. ಮೋಟರನ್ನು ಹಿಡಿದಿರುವ ಬೋಲ್ಟುಗಳು ಉದ್ದನೆಯ ತೂತಿನಲ್ಲಿ ಕೂತಿರುತ್ತವೆ. ಬೋಲ್ಟು ಸಡಿಲಿಸಿ ಮೋಟರನ್ನು ಹಿಂದೆ ಸರಿಸಿದರೆ ಬೆಲ್ಟು ಬಿಗಿಯಾಗುತ್ತದೆ. ನಮ್ಮ ಮೋಟರು ಆಗಲೇ ತೂತಿನ ಕಟ್ಟಕಡೆಗೆ ಹೋಗಿ ಕೂತಿತ್ತು. ಮುಂಬೈಯ ಯಾರೋ ಮೆಕ್ಯಾನಿಕ್ ಎಂದೋ ಸರಿಸಿದ್ದಿರಬೇಕು. ನೋಡಿದೆ ನಿಜ. ಅದರ ಅರ್ಥ ಏನು ಎಂದು ಯೋಚಿಸಲಿಲ್ಲ. ಮಕ್ಕಳು ಲೆಕ್ಕದಲ್ಲಿ ಕೊಟ್ಟ ಮಾಹಿತಿಯನ್ನು ಬಳಸದೆ ಉತ್ತರ ಬರೆದರೆ ನಾನು ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತೇನೆ.

ಬೆಲ್ಟಿನ ಮೇಲಿದ್ದ ನಂಬರ್ ಅಳಿಸಿಹೋಗಿತ್ತು. ತೊಂದರೆ ಇಲ್ಲ, ಅಳತೆ ನನ್ನ ಕೆಲಸ. ಹೊಲಿಗೆಯ ದಾರವನ್ನು ಬೆಲ್ಟಿನ ಸುತ್ತ ಸುತ್ತಿ, ದಾರವನ್ನು ಸ್ಕೇಲಿನ ಮೇಲೆ ಎಳೆದು, ಮೂರು ಸಲ ಅಳೆದು ಸರಾಸರಿ ತೆಗೆದೆ. ಮಿಲಿಮೀಟರ್ ಸಮೇತ ಚೀಟಿಯಲ್ಲಿ ಬರೆದೆ. ಜೊತೆಗೆ ಸ್ಯಾಂಪಲ್ಲಿಗೆ ಇರಲಿ ಎಂದು ಹಳೆ ಬೆಲ್ಟನ್ನೂ ಚೀಲಕ್ಕೆ ಹಾಕಿದೆ.

ಸ್ಯಾಂಪಲ್! ನಮ್ಮ ಕಡೆಯವರು ಯಾವ ಅಂಗಡಿಗಾದರೂ ಸ್ಯಾಂಪಲ್ ಇಲ್ಲದೆ ಹೋದದ್ದುಂಟೇ? ಟೈಲರ್ ಹತ್ತಿರ ಹೋಗುವಾಗ ಅಳತೆ ರವಿಕೆ. ಕುಕ್ಕರಿನ ರಬ್ಬರು ಬೇಕಾದರೆ ಹಳೆ ರಬ್ಬರು. ಮುಂಬೈಯಿಂದ ಚಪ್ಪಲಿ ತರಿಸಬೇಕಾದರೆ ಪೇಪರಿನ ಮೇಲೆ ಕಾಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಟಪಾಲಿಗೆ ಹಾಕುತ್ತೇವೆ. ಬ್ರಹ್ಮಾವರದ ನನ್ನ ತವರಿನಲ್ಲಿ ಒಮ್ಮೆ ಬಾಗಿಲ ಚಿಲಕ ತರಲು ಹೊರಟ ಅಪ್ಪ, ಸ್ಯಾಂಪಲ್ಲಿಗೆಂದು ಇದ್ದ ಚಿಲಕವನ್ನೇ ಬಿಚ್ಚಿಕೊಂಡು ಹೋಗಿದ್ದರು. ಅವರು ತಿರುಗಿ ಬರುವವರೆಗೆ ಅಮ್ಮ ಬಾಗಿಲು ಹಿಡಿದು ಕೂತಿದ್ದರು.

ಸೋಮವಾರ ಶಾಲೆ ಬಿಟ್ಟ ಮೇಲೆ ಕುಂದಾಪುರಕ್ಕೆ ಹೋದೆ. ಪಂಪ್‌ಸೆಟ್ಟು, ಹಿಟ್ಟಿನ ಗಿರಣಿಗಳಿಗೆಲ್ಲ ಬೆಲ್ಟು ಮಾರುವ ಶೇಖರಣ್ಣನ ಅಂಗಡಿ. ಗೋಡೆ ತುಂಬ ಮೊಳೆ, ಮೊಳೆ ತುಂಬ ಬೆಲ್ಟು. ಶೇಖರಣ್ಣ ನನ್ನ ಹಳೆ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿದರು. ಇದು ಎಷ್ಟು ವರ್ಷದ್ದು ಎಂದು ಕೇಳಿದರು. ಹತ್ತರ ಮೇಲಾಗಿರಬಹುದು ಎಂದೆ.

"ಹಾಂಗಾರೆ ಒಂದ್ ಸೈಜ್ ಕಮ್ಮಿದ್ ತಕಣಿ ಟೀಚರ್ರೇ," ಎಂದರು.

ಯಾಕೆ ಅಂತ ಕೇಳಬಹುದಿತ್ತು. ಕೇಳಿದೆನೇ? ಚೀಟಿ ತೆಗೆದು ತೋರಿಸಿದೆ. ಮೂರು ಸಲ ಅಳೆದಿದ್ದೇನೆ, ಇಷ್ಟೇ ಉದ್ದದ್ದು ಬೇಕು, ನಾನು ಗಣಿತದ ಟೀಚರು ಎಂದೆ. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ನನ್ನನ್ನು ಗೌರವದಿಂದ ನೋಡಿದರು. (ಗೌರವ ಎಂದೇ ಆಗ ತಿಳಿದಿದ್ದೆ.) ಶೇಖರಣ್ಣ ಹಳೆಯದನ್ನು ಒಂದು ಮೊಳೆಗೆ ನೇತುಹಾಕಿ, ಅದರ ಪಕ್ಕಕ್ಕೆ ಸರಿಯಾಗಿ ಅಷ್ಟೇ ಇಳಿಯುವ ಹೊಸದನ್ನು ಹುಡುಕಿ ಕೊಟ್ಟರು. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನೇತಾಡಿದವು. ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಬರುವ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಅತ್ತೆಗೆ ಬನ್ಸ್ ಕಟ್ಟಿಸಿಕೊಂಡೆ.

ಸಂಜೆ ಬೆಲ್ಟು ಹಾಕಿದೆವು. ಮೊದಲು ಸಣ್ಣ ಚಕ್ರಕ್ಕೆ ಸಿಕ್ಕಿಸಿ, ಆಮೇಲೆ ದೊಡ್ಡ ಚಕ್ರದ ಅಂಚಿಗೆ ತಂದು ಕೈಯಿಂದ ನಿಧಾನ ತಿರುಗಿಸಿದರೆ ತಾನಾಗಿ ಕೂರುತ್ತದೆ. ಬಹಳ ಸುಲಭವಾಗಿ ಕೂತಿತು. ಸುಲಭವಾಗಿ ಕೂತದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ಮೆಷಿನ್ ಎತ್ತಿ ನಿಲ್ಲಿಸಿ, ಖಾಲಿಯೇ ಸ್ವಿಚ್ ಹಾಕಿದೆ. ತಿರುಗಿತು! ನಾನು ಚಪ್ಪಾಳೆ ತಟ್ಟಿದೆ. ಏಳನೇ ಕ್ಲಾಸಿನ ನನ್ನ ಮಗಳು ಕುಣಿದಳು. ರಾಘು ಸಹ ನಕ್ಕರು. ಅತ್ತೆ ಬನ್ಸ್ ತಿನ್ನುತ್ತ, ಬೆಳಿಗ್ಗೆ ಬಟ್ಟೆ ಹಾಕಿ ನೋಡುವ ಎಂದಷ್ಟೇ ಹೇಳಿದರು.

ಮಂಗಳವಾರ ಬೆಳಿಗ್ಗೆ ನೀರು ತುಂಬಿತು, ಬಟ್ಟೆ ಬಿತ್ತು. ಗುಂಯ್.

ಅದೇ ಸದ್ದು, ಅದೇ ವಾಸನೆ. ಖಾಲಿ ಇದ್ದಾಗ ತಿರುಗಿದ ಮೆಷಿನ್ ಭಾರ ಬಿದ್ದ ಕೂಡಲೇ ಕೈ ಎತ್ತಿಬಿಟ್ಟಿತು. ಹೊಸ ಬೆಲ್ಟು ಹಳೆಯದರ ಹಾಗೆಯೇ ಜಾರುತ್ತಿತ್ತು. ನಾನು ಸ್ವಿಚ್ ಆಫ್ ಮಾಡಿದೆ. ಅತ್ತೆ ಮತ್ತೆ ಬಕೆಟು ಎತ್ತಿಕೊಂಡರು.

ಅವತ್ತು ಅವರು ಒಗೆಯುವ ಸದ್ದು ಕೇಳುತ್ತ ನನಗೆ ನಿಜವಾಗಿಯೂ ಸಿಟ್ಟು ಬಂತು. ನನ್ನ ಮೇಲೆಯೇ. ಶಾಲೆಗೆ ಹೊರಡುವಾಗ ನೋಡಿದರೆ, ದೇವರ ಪಟದ ಹಿಂದೆ ಇಟ್ಟಿದ್ದ ಎಲ್‌ಎಲ್‌ಆರ್ ಅನ್ನು ಅತ್ತೆ ತೆಗೆದು, ಮಡಚಿ, ಕಪಾಟಿನಲ್ಲಿ ಹಳೆ ರೇಷನ್ ಕಾರ್ಡುಗಳ ಜೊತೆ ಇಡುತ್ತಿದ್ದರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ಇರ್ಲಿ ಬಿಡ್ ವಿದ್ಯಾ," ಎಂದರು. "ಇಷ್ಟ್ ವರ್ಷ ಅವ ತಂದದ್ದೇ ತಿಂದದ್ದಲ್ದಾ?"

ನಗುತ್ತಲೇ ಹೇಳಿದರು. ಅಳುವವರು ಅತ್ತರೆ ಸಮಾಧಾನ ಮಾಡಬಹುದು. ನಗುತ್ತ ಕಾಗದ ಮಡಚುವವರಿಗೆ ಏನು ಹೇಳುವುದು? ಆ ಇಡೀ ದಿನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ವೃತ್ತದ ಪರಿಧಿ ಕಲಿಸಿದೆ. ಒಂದೊಂದು ವೃತ್ತ ಬರೆದಾಗಲೂ ಬೋರ್ಡಿನ ಮೇಲೆ ಬೆಲ್ಟು ಕಾಣುತ್ತಿತ್ತು.

ಸಂಜೆ ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತು ನನ್ನ ಮಗಳ ಯೂನಿಫಾರ್ಮ್ ಲಂಗಕ್ಕೆ ಎಲಾಸ್ಟಿಕ್ ಬದಲಾಯಿಸುತ್ತಿದ್ದರು. ಸಡಿಲವಾದ ಹಳೆ ಎಲಾಸ್ಟಿಕ್ ಪಕ್ಕದಲ್ಲಿ ಬಿದ್ದಿತ್ತು. ನಾನು ಎದುರಿಗೆ ಕೂತು ಶುರು ಮಾಡಿದೆ. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೇನೆ, ದಾರದಿಂದ ಅಳೆದಿದ್ದೇನೆ, ಅಂಗಡಿಯಲ್ಲಿ ಹಳೆಯದರ ಪಕ್ಕ ಹಿಡಿದು ನೋಡಿದ್ದೇನೆ, ಒಂದು ಕೂದಲಿನಷ್ಟೂ ಹೆಚ್ಚು ಕಡಿಮೆ ಇಲ್ಲ, ಆದರೂ ಯಾಕೆ ಜಾರುತ್ತಿದೆ ಎಂದು ನನ್ನ ಗೋಳು ತೋಡಿಕೊಂಡೆ.

ಅತ್ತೆ ಸೂಜಿ ನಿಲ್ಲಿಸಿದರು. ನಾನು ಹೇಳಿದ್ದನ್ನು ಇನ್ನೊಮ್ಮೆ ಕೇಳಿಸಿಕೊಂಡರು. ಹಳೆ ಬೆಲ್ಟಿನಷ್ಟೇ ಉದ್ದದ್ದಾ? ಹೌದು, ಅಷ್ಟೇ ಉದ್ದದ್ದು. ಅವರು ಹಳೆ ಎಲಾಸ್ಟಿಕ್ಕನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದರು. ಅದು ಜೋತುಬಿತ್ತು.

"ಇದ್ ಎಳ್ದ್ ಎಳ್ದ್ ಉದ್ದ ಆಯ್ತ್ ಅಂದ್ಹೇಳಿಯೇ ಬದ್ಲ್ ಮಾಡೂದ್ ಅಲ್ದಾ? ಇದ್ರ ಅಳ್ತಿಗೇ ಹೊಸದ್ ಕತ್ತರ್ಸಿರೆ ಲಂಗ ಸೊಂಟದಲ್ಲಿ ನಿಲ್ಲತ್ತಾ?"

ನಾನು ಆ ಎಲಾಸ್ಟಿಕ್ಕನ್ನು ಕೈಗೆ ತೆಗೆದುಕೊಂಡು ಎಳೆದು ನೋಡಿದೆ.

ಹದಿನಾರು ವರ್ಷದ ಗಣಿತ! ಮೂರು ಸಲ ಅಳೆದ ಸರಾಸರಿ! ಬೆಲ್ಟು ಹತ್ತು ವರ್ಷ ಎಳೆಸಿಕೊಂಡು ಎಳೆಸಿಕೊಂಡು ಉದ್ದವಾಗಿತ್ತು. ಅದು ಉದ್ದವಾದಂತೆಲ್ಲ ಮೋಟರನ್ನು ಹಿಂದೆ ಸರಿಸಿ ಸರಿಸಿ ಕೊನೆ ಮುಟ್ಟಿಸಿದ್ದರು. ಇನ್ನು ಸರಿಸಲು ಜಾಗ ಇರಲಿಲ್ಲ. ನಾನು ಮಾಡಿದ್ದೇನು? ಹಾಳಾದದ್ದರ ಅಳತೆಯನ್ನು ಮಿಲಿಮೀಟರ್ ಬಿಡದೆ ತೆಗೆದು, ಅಷ್ಟೇ ಹಾಳಾದ ಹೊಸ ಬೆಲ್ಟು ತಂದೆ. ಶೇಖರಣ್ಣ ಹೇಳಿದ್ದೂ ಇದನ್ನೇ. ಕೇಳಿಸಿಕೊಳ್ಳಲು ನನಗೆ ಕಿವಿ ಎಲ್ಲಿತ್ತು, ಕೈಯಲ್ಲಿ ಚೀಟಿ ಇತ್ತಲ್ಲ.

ನನಗೆ ಎಷ್ಟು ನಗು ಬಂತೆಂದರೆ ಕಣ್ಣಲ್ಲಿ ನೀರು ಬಂತು. ಅತ್ತೆಯೂ ನಕ್ಕರು. ಆಮೇಲೆ ನಾನು ಎದ್ದುಹೋಗಿ ಕಪಾಟಿನಿಂದ ಎಲ್‌ಎಲ್‌ಆರ್ ತೆಗೆದು, ರೇಷನ್ ಕಾರ್ಡುಗಳಿಂದ ಬಿಡಿಸಿ, ಮತ್ತೆ ದೇವರ ಪಟದ ಹಿಂದೆ ಇಟ್ಟೆ.

ಬುಧವಾರ ಮತ್ತೆ ಶೇಖರಣ್ಣನ ಅಂಗಡಿ. ಒಂದು ಸೈಜ್ ಕಡಿಮೆಯದು ಕೊಡಿ ಎಂದೆ. ಅವರು ಕೊಟ್ಟರು. ಹೇಗಾಯಿತು, ಏನಾಯಿತು ಎಂದು ಒಂದು ಮಾತು ಕೇಳಲಿಲ್ಲ. ನಾನಾಗಿದ್ದರೆ ಬಿಡುತ್ತಿದ್ದೆನೇ? ಇಡೀ ಕ್ಲಾಸಿನ ಎದುರು ನಿಲ್ಲಿಸಿ ಕೇಳುತ್ತಿದ್ದೆ. ಕೆಲವರ ದೊಡ್ಡತನ ಹಾಗಿರುತ್ತದೆ. ಕೊನೆಗೆ ನಾನೇ ತಡೆಯಲಾರದೆ, ನೀವು ಹೇಳಿದ್ದೇ ಸರಿ ಶೇಖರಣ್ಣ ಎಂದೆ. ಅವರು ಸೋಮವಾರ ಮೊಳೆಗೆ ಹಾಕಿದ್ದ ಹಳೆ ಬೆಲ್ಟನ್ನು ಸುತ್ತಿ ನನ್ನ ಚೀಲಕ್ಕೇ ವಾಪಸು ಹಾಕುತ್ತ, ಇಟ್ಟುಕೊಳ್ಳಿ, ಬಟ್ಟೆ ಒಣಗಿಸುವ ಕೋಲು ಕಟ್ಟಲು ಒಳ್ಳೆಯದಾಗುತ್ತದೆ ಎಂದರು.

ಸಂಜೆ ಮತ್ತೆ ಗೋಣಿಚೀಲ, ಮತ್ತೆ ಮೆಷಿನ್ನಿನ ಶವಾಸನ. ಈ ಸಲ ಬೆಲ್ಟು ಕೂರಲೇ ಇಲ್ಲ. ಸಣ್ಣ ಚಕ್ರಕ್ಕೆ ಸಿಕ್ಕಿಸಿದರೆ ದೊಡ್ಡ ಚಕ್ರಕ್ಕೆ ಎರಡು ಬೆರಳಿನಷ್ಟು ದೂರ. ರಾಘು ಎಳೆದು ಬೆವರಿದರು, ಈಗ ಸಣ್ಣದಾಯಿತು ಎಂದರು. ನಾನು ಈ ಸಲ ಅಳೆಯಲು ಹೋಗಲಿಲ್ಲ, ಯೋಚಿಸಿದೆ. ಬೋಲ್ಟುಗಳನ್ನು ಸಡಿಲಿಸಿ, ವರ್ಷಗಟ್ಟಲೆ ಮೂಲೆ ಸೇರಿದ್ದ ಮೋಟರನ್ನು ಮುಂದಕ್ಕೆ ತಂದೆವು. ಬೆಲ್ಟು ದೊಡ್ಡ ಚಕ್ರದ ಅಂಚು ಹತ್ತಿತು, ಒಂದು ಸುತ್ತು ಕೈಯಲ್ಲಿ ತಿರುಗಿಸಿದಾಗ ಟಪ್ ಎಂದು ಕೂತಿತು. ಮೋಟರನ್ನು ಸ್ವಲ್ಪ ಹಿಂದೆ ಎಳೆದು ಬೋಲ್ಟು ಬಿಗಿ ಮಾಡಿದೆವು. ಬೆರಳಿಂದ ಒತ್ತಿದರೆ ಒಂಚೂರು ಬಗ್ಗಿ ವಾಪಸು ಬಂತು. ಅತ್ತೆ ಬಂದು ತಾವೂ ಒಮ್ಮೆ ಒತ್ತಿ ನೋಡಿದರು, ತಾಜಾ ಮೀನನ್ನು ಒತ್ತಿ ನೋಡುವ ಹಾಗೆಯೇ.

"ಈಗ ಅಕ್ಕ್," ಎಂದರು. ಆಗಬಹುದು ಎಂದು ಅರ್ಥ.

ಗುರುವಾರ ಬೆಳಿಗ್ಗೆ ಆರೂವರೆಗೆ ನೀರು, ಬಟ್ಟೆ, ಸ್ವಿಚ್. ನಾನು, ರಾಘು, ಅತ್ತೆ ಮೂವರೂ ಮೆಷಿನ್ನಿನೊಳಗೆ ಬಗ್ಗಿ ನೋಡುತ್ತ ನಿಂತಿದ್ದೆವು. ಬಟ್ಟೆ ಒಂದು ಸಲ ಬಲಕ್ಕೆ ತಿರುಗಿತು, ನಿಂತಿತು, ಎಡಕ್ಕೆ ತಿರುಗಿತು. ಗುಂಯ್ ಇಲ್ಲ, ವಾಸನೆ ಇಲ್ಲ. ಬೈರಾಸು ಆಗಲೇ ಅತ್ತೆಯ ತಲೆಯ ಮೇಲಿತ್ತು.

ಮೈದಾನದಲ್ಲಿ ಕೋಲಿನಿಂದ ದೊಡ್ಡ ಎಂಟು ಗೀರಿದೆ. ಮೊದಲ ಸಲ, ಎರಡನೆಯ ಸುತ್ತಿನ ಅರ್ಧದಲ್ಲಿ ಎಡಗಾಲು ನೆಲಕ್ಕೆ. ಎರಡನೆಯ ಸಲವೂ ಅಷ್ಟೇ. ಐದನೆಯ ಸಲವೂ ಅಷ್ಟೇ. ನಾನು ಬದಿಯಲ್ಲಿ ನಿಂತು ಕೋನ, ತ್ರಿಜ್ಯ, ವೇಗ ಎಂದೆಲ್ಲ ಕೂಗುತ್ತಿದ್ದೆ. ಅತ್ತೆ ಗಾಡಿ ನಿಲ್ಲಿಸಿ, ನೀನು ಸ್ವಲ್ಪ ಬಾಯಿ ಮುಚ್ಚಿಕೊಂಡಿದ್ದರೆ ನಾನು ಹಾಕಿಬಿಡುತ್ತೇನೆ ಎಂದರು. ಬಾಯಿ ಮುಚ್ಚಿದೆ. ಅವರು ನೆಲ ನೋಡುವುದನ್ನು ಬಿಟ್ಟು ದೂರ ನೋಡುತ್ತ ಹೊರಟರು. ಮೊದಲ ಸುತ್ತು, ನಡು, ಎರಡನೆಯ ಸುತ್ತು, ಅರ್ಧ, ಮುಕ್ಕಾಲು. ಎಡಗಾಲು ಗಾಡಿಯ ಮೇಲೆಯೇ ಇತ್ತು. ಎಂಟು ಮುಗಿಯಿತು. ಅವರು ನಿಲ್ಲಿಸಲಿಲ್ಲ, ಇನ್ನೊಂದು ಎಂಟು ಹಾಕಿದರು, ಮತ್ತೊಂದು ಹಾಕಿದರು. ಏಳೂಕಾಲು ಆಯಿತು ಎಂದು ನಾನೇ ಕರೆಯಬೇಕಾಯಿತು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಟೆಸ್ಟಿಗೆ ಬಂದವರೆಲ್ಲ ಕಾಲೇಜು ಮಕ್ಕಳು. ಸಾಲಿನಲ್ಲಿ ಅತ್ತೆಯ ಮುಂದೆ ನಿಂತಿದ್ದ ಹುಡುಗಿ, ಅಮ್ಮಾ ನಿಮ್ಮ ಮಗಳು ಎಲ್ಲಿ, ಅವಳು ಸಾಲಿನಲ್ಲಿ ನಿಲ್ಲಬೇಕು ಎಂದಳು. ಅತ್ತೆ ಅವಳಿಗೆ ಎಲ್‌ಎಲ್‌ಆರ್ ತೋರಿಸಿದರು. ಆಮೇಲೆ ಆ ಹುಡುಗಿಯೇ ಅತ್ತೆಯ ಬೈರಾಸು ಸರಿ ಮಾಡಿ ಹೆಲ್ಮೆಟ್ಟಿನ ಬೆಲ್ಟು ಬಿಗಿದಳು.

ಇನ್‌ಸ್ಪೆಕ್ಟರರು ಬೆಳಿಗ್ಗೆಯಿಂದ ಒಮ್ಮೆಯೂ ನಗದ ಮನುಷ್ಯ. ಅತ್ತೆಯ ಕಾಗದ ನೋಡಿದರು, ಅತ್ತೆಯನ್ನು ನೋಡಿದರು, ಈ ಪ್ರಾಯದಲ್ಲಿ ಲೈಸೆನ್ಸ್ ಯಾಕಮ್ಮ ಎಂದರು.

"ಒಳ್ಳೆ ಮೀನ್ ತಕಂಡ್ ಬಪ್ಪುಕೆ."

ಅವರು ನಕ್ಕೇಬಿಟ್ಟರು. ಅತ್ತೆ ನಗಲಿಲ್ಲ, ಅವರಿಗೆ ಅದು ತಮಾಷೆಯಾಗಿರಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ, ದೂರ ನೋಡುತ್ತ, ಎಂಟನ್ನು ಹಾಕಿ ಬಂದು ನಿಲ್ಲಿಸಿದರು. ಕಾಲು ಊರಿದ್ದು ಗಾಡಿ ನಿಂತ ಮೇಲೆ. ಪಾಸ್ ಎಂದು ತಿಳಿದಾಗ ಆ ಕಾಲೇಜು ಮಕ್ಕಳು ಹೊಡೆದ ಶಿಳ್ಳೆಗೆ ನಾನು ಅಲ್ಲಿಯೇ ಅತ್ತುಬಿಟ್ಟೆ.

ನಿನ್ನೆ ಭಾನುವಾರ. ಮೆಷಿನ್ನಿಗೆ ಬಟ್ಟೆ ತುಂಬಿಸಿ, ಅತ್ತೆ ಒಬ್ಬರೇ ಹೊರಟರು. ರಾಘು ಗೇಟಿನ ಹತ್ತಿರ ಪೇಪರ್ ಓದುತ್ತ ನಿಂತರು. ಅರ್ಧ ಗಂಟೆಯಾದರೂ ಅದೇ ಪುಟ. ಮೆಷಿನ್ ನಿಂತ ಮೇಲೂ ಅತ್ತೆ ಬರಲಿಲ್ಲ. ಫೋನು ಮಾಡೋಣವೆಂದರೆ ಅವರ ಮೊಬೈಲು ಅಡುಗೆಮನೆಯಲ್ಲೇ ಬಿದ್ದಿದೆ. ರಾಘು ಬೈಕಿನ ಕೀ ಕೈಗೆ ತೆಗೆದುಕೊಂಡರು, ಇಟ್ಟರು, ಮತ್ತೆ ತೆಗೆದುಕೊಂಡರು. ಅಷ್ಟರಲ್ಲಿ ಸ್ಕೂಟರಿನ ಸದ್ದು. ಅತ್ತೆ ಅಂಗಳಕ್ಕೆ ಬಂದು, ಚೀಲ ಬಿಚ್ಚಿ, ಒಂದು ಬಂಗುಡೆಯನ್ನು ಎತ್ತಿ ಮಗನ ಮುಖದ ಮುಂದೆ ಹಿಡಿದು, ಅದರ ಕಣ್ಣು ತೋರಿಸಿದರು. ತಡವಾದದ್ದು ಯಾಕೆಂದರೆ, ಮೂರು ದೋಣಿ ಬರುವವರೆಗೆ ಕಾದಿದ್ದರಂತೆ.

ಮಧ್ಯಾಹ್ನದ ಊಟದ ವಿಷಯ ಬರೆದರೆ ನಿಮಗೆ ಹೊಟ್ಟೆಕಿಚ್ಚಾದೀತು, ಬಿಡಿ. ರಾಘು ಮೂರನೆಯ ಸಲ ಸಾರು ಬಡಿಸಿಕೊಂಡರು. ಆಮೇಲೆ ತಟ್ಟೆ ಬಳಿದು ತಿಂದು, ಅಮ್ಮ ಗಾಡಿಯನ್ನು ಚೆನ್ನಾಗಿಯೇ ಬಿಡುತ್ತಾರೆ ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. ಆ ದೊಗಳೆ ಹೆಲ್ಮೆಟ್ಟಿನಲ್ಲಿ ಹೈವೇಗೆ ಹೋಗುವುದು ಬೇಡ, ಅವರದ್ದೇ ಒಂದು ಹೊಸ ಹೆಲ್ಮೆಟ್ ತರುತ್ತೇನೆ ಎಂದು ಎದ್ದರು. ಇವರ ಮೇಲಿದ್ದ ಒಂದು ವಾರದ ಸಿಟ್ಟು ಆ ಕ್ಷಣಕ್ಕೇ ಇಳಿದುಹೋಯಿತು.

ಇಳಿದದ್ದು ಬಾಗಿಲವರೆಗೆ ಮಾತ್ರ. ಅಲ್ಲಿ ಇವರು ಮೊಳೆಯಿಂದ ನನ್ನ ಹೆಲ್ಮೆಟ್ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. ಅದೆಂತಕ್ಕೆ ಎಂದು ಅತ್ತೆ ಒಳಗಿನಿಂದಲೇ ಕೇಳಿದರು. ಅಳತೆಗೆ ಒಂದು ಸ್ಯಾಂಪಲ್ ಬೇಡವೇ ಎಂದರು ಇವರು.

ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಮಗನ ಎದುರು ನಿಂತರು.

"ಹ್ವಾಯ್, ತಲೆ ಇಲ್ಲೇ ಇತ್ತಲ್ದಾ? ಅಳ್ತಿಗೆ ನನ್ನನ್ನೇ ಕ‌ರ್ಕಂಡ್ ಹೋಗ್."